ಜಾಕಿಯ ಹೆಸರಲ್ಲಿ ಸುರಿದುಕೊಂಡ ನೀರು

ನಮ್ಮ ಮಾವನವರ ನಾಯಿ ತಾನಾಗಿ ಮನೆ ಬಿಟ್ಟು ಹೋಗಲಿಲ್ಲ. ಅದರ ಕತ್ತು ಹಿಡಿದು ಎಳೆದುಕೊಂಡು ಹೋಗಿ, ಹಿತ್ತಿಲ ಬಾಗಿಲಿಂದ ಆಚೆಯ ಸಂದಿಗೆ ನೂಕಿ, ಅಗುಳಿ ಹಾಕಿದವಳು ನಾನು. ಅದು ಸತ್ತುಹೋಯಿತು ಅಂತ ಅವರಿಗೆ ಹೇಳಿದವಳೂ ನಾನೇ—ಅದಿನ್ನೂ ಬದುಕಿದ್ದಾಗ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಶುರು ಮಾಡಿದರೆ ನಡುವೆ ಎಲ್ಲೋ ನನ್ನ ಪರವಾಗಿ ನಾನೇ ವಕೀಲಿ ಮಾಡಲು ಕೂತುಬಿಡುತ್ತೇನೆ; ನನ್ನ ಬುದ್ಧಿ ನನಗೆ ಗೊತ್ತು.

ಆಗ ನಾವು ಕೃಷ್ಣಮೂರ್ತಿಪುರದಲ್ಲಿದ್ದೆವು. ಮಾವನವರು ಅರಮನೆಯ ಉಗ್ರಾಣದಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ನಾನು ಸೊಸೆಯಾಗಿ ಬರುವ ಮೊದಲೇ ಅತ್ತೆ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನಮ್ಮವರು, ನಾನು—ಆಮೇಲೆ ಜಾಕಿ. ಸ್ವಾತಂತ್ರ್ಯ ಬಂದ ವರ್ಷ ಅತ್ತೆಯೇ ಎಲ್ಲಿಂದಲೋ ಸೆರಗಿನಲ್ಲಿ ಮುಚ್ಚಿಕೊಂಡು ತಂದ ಮರಿಯಂತೆ. ಕಂದು ಬಣ್ಣ, ಎದೆಯ ಮೇಲೆ ಅಂಗೈಯಗಲ ಬಿಳಿ. ನಾನು ನೋಡುವ ಹೊತ್ತಿಗೆ ಅದಕ್ಕೆ ಕಿವಿ ಕೇಳುತ್ತಿರಲಿಲ್ಲ, ಕಣ್ಣು ಮಸುಕಾಗಿತ್ತು, ಹಿಂಗಾಲು ನಡುಗುತ್ತಿತ್ತು. ಮಾವನವರ ಕಣ್ಣಿಗೂ ಪೊರೆ ಬಂದಿತ್ತು. ಸಂಜೆ ಇಬ್ಬರೂ ತಿರುಗಾಡಲು ಹೊರಟರೆ ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಅಂತ ಬೀದಿಯವರು ತಮಾಷೆ ಮಾಡುತ್ತಿದ್ದರು. ಮಾವನವರೂ ನಗುತ್ತಿದ್ದರು—“ಅವನು ದಾರಿ ನೋಡ್ತಾನೆ, ನಾನು ಸದ್ದು ಕೇಳ್ತೀನಿ. ಇಬ್ಬರೂ ಸೇರಿದ್ರೆ ಒಬ್ಬ ಪೂರ್ತಿ ಮನುಷ್ಯ.” ರಾತ್ರಿ ಮೊಸರನ್ನ ಕಲಸಿ ತಾವೇ ಹಾಕಬೇಕು, ನಾನು ಹಾಕಿದರೆ ಅದು ಮೂಸಿ ನೋಡಿ ಕೂರುತ್ತಿತ್ತು.

ನನಗೆ ಆ ನಾಯಿ ಕಂಡರೆ ಆಗುತ್ತಿರಲಿಲ್ಲ ಅಂತಲ್ಲ. ಆದರೆ ಬೆಳಗಾದರೆ ಜಗಲಿಯಲ್ಲಿ ಅದು ಮಾಡಿಕೊಂಡದ್ದನ್ನು ತೊಳೆಯುವವಳು ನಾನು. ಒಗೆದು ಹರವಿದ ಮಡಿಬಟ್ಟೆಗೆ ಅದು ಮೈ ಉಜ್ಜಿದರೆ ಮತ್ತೆ ಒಗೆಯುವವಳೂ ನಾನೇ. ವೈದಿಕರ ಮನೆಯಲ್ಲಿ ನಾಯಿ ಏನು ಅಂತ ನಂಜನಗೂಡಿನ ನಮ್ಮ ತವರಿನವರು ಬೇರೆ ಮೂಗು ಮುರಿಯುತ್ತಿದ್ದರು. ಇದೆಲ್ಲ ಮನಸ್ಸಿನಲ್ಲಿ ಇತ್ತೋ ಏನೋ ಆ ದಿನ—ಇತ್ತು. ಇತ್ತು ಅಂತಲೇ ಹೇಳುತ್ತೇನೆ.

ಅತ್ತೆಯ ಶ್ರಾದ್ಧದ ದಿನ ಅದು. ಮೊದಲ ವರ್ಷಗಳಲ್ಲಿ ನೆಂಟರಲ್ಲಿ ಹಿರಿಯರೊಬ್ಬರು ಬಂದು ಅಡುಗೆ ಮಾಡಿಕೊಡುತ್ತಿದ್ದರು. ಆ ವರ್ಷ ಅವರಿಗೆ ಕೈಲಾಗದೆ ನಾನೊಬ್ಬಳೇ ಮಾಡಬೇಕಾಯಿತು. ಶ್ರಾದ್ಧದ ಅಡುಗೆಯೆಂದರೆ ಆಗಿನ ದಿನಗಳಲ್ಲಿ ಆಟವಲ್ಲ. ತಲೆಗೆ ಸ್ನಾನ ಮಾಡಿ ಮಡಿಯುಟ್ಟರೆ ಬ್ರಾಹ್ಮಣರ ಊಟ ಮುಗಿಯುವ ತನಕ ಯಾರನ್ನೂ ಏನನ್ನೂ ಮುಟ್ಟುವ ಹಾಗಿಲ್ಲ. ನಾಯಿಯಂತೂ ಅಡುಗೆಯನ್ನು ಕಣ್ಣಿಂದ ನೋಡಲೂ ಕೂಡದು. ನೋಡಿದರೆ ಪಿತೃಗಳು ಹಸಿದುಕೊಂಡೇ ಹಿಂದಕ್ಕೆ ಹೋಗುತ್ತಾರೆ ಅನ್ನುವುದು ನಾವು ನಂಬಿದ ಮಾತು. ಅದಕ್ಕೇ ಮಾವನವರು ಹಿಂದಿನ ರಾತ್ರಿಯೇ ಜಾಕಿಯನ್ನು ಹಿತ್ತಿಲ ಕೊನೆಯಲ್ಲಿ ಕಟ್ಟಿದ್ದರು. ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗುವ ಮುಂಚೆ ನೋಡಿದರೆ ಹಗ್ಗ ಕಾಲಿಗೆ ಸುತ್ತಿಕೊಂಡು ಕುಂಯ್‌ಗುಡುತ್ತಿತ್ತು. ಪಾಪ ಅನ್ನಿಸಿ ಬಿಚ್ಚಿದೆ. ಮತ್ತೆ ಕಟ್ಟಬೇಕಾಗಿತ್ತು. ಮಲಗಿರುತ್ತೆ ಬಿಡು, ಎಲ್ಲಿಗೆ ಹೋಗುತ್ತೆ ಅಂದುಕೊಂಡೆ.

ವಡೆ ಕರಿದು, ಪಾಯಸ ಇಳಿಸಿ, ಎಲ್ಲ ಪಾತ್ರೆಗಳನ್ನೂ ಸಾಲಾಗಿ ಇಟ್ಟಿದ್ದೆ. ನಡುಮನೆಯಲ್ಲಿ ಮಂತ್ರ ನಡೆಯುತ್ತಿತ್ತು. ಆಗ ನನ್ನ ಮೀನಖಂಡಕ್ಕೆ ಒದ್ದೆ ಮೂತಿ ತಗುಲಿತು. ತಿರುಗಿ ನೋಡಿದರೆ ಜಾಕಿ—ಪಾತ್ರೆಗಳ ನಡುವೆ ನಿಂತು, ಬಾಲ ಆಡಿಸುತ್ತಿತ್ತು; ಆಡಿಸಿದ ಹಾಗೆಲ್ಲ ಅದು ಪಾಯಸದ ಕೊಳದಪ್ಪಲೆಗೆ ಬಡಿಯುತ್ತಿತ್ತು.

ಎಲ್ಲವನ್ನೂ ಚೆಲ್ಲಬೇಕಿತ್ತು. ಮತ್ತೆ ಸ್ನಾನ ಮಾಡಿ ಮೊದಲಿಂದ ಒಲೆ ಹಚ್ಚಬೇಕಿತ್ತು. ಒಳಗೆ ಬ್ರಾಹ್ಮಣರ ಕಾಲು ತೊಳೆದು ಆಗಿತ್ತು, ಮಾವನವರು ಹಿಂದಿನ ದಿನದಿಂದ ಒಪ್ಪತ್ತಿನಲ್ಲಿದ್ದರು. ನಾನು ಕೂಗಿ ಹೇಳಲಿಲ್ಲ. ಅದರ ಕತ್ತಿನ ಚರ್ಮ ಹಿಡಿದು ಎಳೆದೆ. ಅದು ಬೊಗಳಲಿಲ್ಲ, ಎದುರಿಸಲೂ ಇಲ್ಲ. ತಿರುಗಾಡಲು ಕರೆದುಕೊಂಡು ಹೋಗುತ್ತಿದ್ದೇನೆ ಅಂದುಕೊಂಡಿತೋ ಏನೋ, ಬಂತು. ಹಿತ್ತಿಲ ಬಾಗಿಲು ಹಾಕಿ, ಕೈ ತೊಳೆದುಕೊಂಡು, ಅದೇ ಮೈಲಿಗೆಯ ಕೈಯಲ್ಲಿ ಬಡಿಸಿದೆ. ಅಡುಗೆ ಬಹಳ ರುಚಿಯಾಗಿದೆ ಅಂತ ಬ್ರಾಹ್ಮಣರು ಹೇಳಿದರು. ಮಾವನವರಿಗೆ ಕಣ್ಣಲ್ಲಿ ನೀರು ಬಂತು—“ಅವಳು ತೃಪ್ತಳಾದಳು ಕಣಮ್ಮ ಪದ್ಮಾ, ನಿನ್ನ ಕೈಯಿಂದ.”

ಎಲೆ ಎತ್ತಿ, ನೆಲ ಸಾರಿಸಿ, ನಾನೂ ಎರಡು ತುತ್ತು ತಿಂದು ಬಾಗಿಲು ತೆಗೆದಾಗ ಸಂದಿ ಖಾಲಿ.

ಸಂಜೆ ಮಾವನವರು ಕೇಳಿದರು, “ಜಾಕಿ ಎಲ್ಲಮ್ಮ?” ನಾನು, “ನೋಡಲಿಲ್ಲ ಮಾವ, ಹಗ್ಗ ಬಿಚ್ಚಿಕೊಂಡು ಹೋದ ಹಾಗಿದೆ” ಅಂದೆ. ಅವರು ತಡವುತ್ತ ಹೋಗಿ ಹಗ್ಗವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಸವರಿದರು. “ನನ್ನ ಗಂಟು ಸಡಿಲವಾಗಿತ್ತು. ಬೆರಳಿಗೆ ಬಲ ಇಲ್ಲ ಈಗ” ಅಂದರು. ಗಂಟು ಸರಿಯಾಗೇ ಇತ್ತು. ಬಿಚ್ಚಲು ನನಗೇ ಹಲ್ಲು ಹಚ್ಚಬೇಕಾಗಿ ಬಂದಿತ್ತು. ಹೇಳಬಹುದಿತ್ತು. ಹೇಳಿದರೆ ಬಾಗಿಲ ಮಾತು ಬರುತ್ತದೆ, ಬಾಗಿಲ ಹಿಂದೆ ಪಾಯಸದ ಮಾತು ಬರುತ್ತದೆ, ಅತ್ತೆ ಆ ವರ್ಷ ಹಸಿದು ಹೋದರು ಅಂತ ಆ ಮುದುಕರು ಎದೆ ಒಡೆದುಕೊಳ್ಳುತ್ತಾರೆ—ಹೀಗೆ ನನಗೆ ನಾನು ಹೇಳಿಕೊಂಡೆ. ನಿಜ ಕೂಡ. ಆದರೆ ಅದಕ್ಕಿಂತ ದೊಡ್ಡ ನಿಜ, ‘ನಿನ್ನ ಕೈಯಿಂದ’ ಅಂದರಲ್ಲ, ಆ ಮಾತನ್ನು ವಾಪಸ್ಸು ಕೊಡಲು ನನಗೆ ಮನಸ್ಸಿರಲಿಲ್ಲ.

ಮಾರನೇ ದಿನದಿಂದ ಅವರು ಹುಡುಕಲು ಹೊರಟರು. ಕಣ್ಣು ಕಾಣದವರು, ಕಿವಿ ಕೇಳದ ನಾಯಿಯನ್ನು ಕೂಗಿಕೊಂಡು ಬೀದಿ ಬೀದಿ ಸುತ್ತಿದರು. ನಮ್ಮವರೂ ಆಫೀಸಿಂದ ಬಂದು ಸೈಕಲ್ಲಿನಲ್ಲಿ ಸುತ್ತಿದರು. ಒಂದು ದಿನ ಮಾವನವರು ಜಟಕಾ ಗಾಡಿಗೆ ಸಿಕ್ಕಿ ಬಿದ್ದು ಮಂಡಿ ತರಚಿಕೊಂಡು ಬಂದರು. ನಮ್ಮವರು ರೇಗಿದರು—ತಂದೆಯನ್ನು ಅವರು ಅಣ್ಣ ಅಂತಲೇ ಕರೆಯುತ್ತಿದ್ದದ್ದು—“ಅಣ್ಣ, ಇನ್ನು ನೀವು ಬಾಗಿಲು ದಾಟಕೂಡದು.” ಅವರು ಕೇಳುವವರಲ್ಲ. ಮಾರನೇ ಬೆಳಿಗ್ಗೆ ಮತ್ತೆ ಕೋಲು ಹುಡುಕಿದರು. ಆಗ ನಾನು ಎರಡನೇ ಸುಳ್ಳು ಹೇಳಿದೆ. ಬೀದಿ ಗುಡಿಸುವವನು ಸಿಕ್ಕಿದ್ದ, ಮೋರಿಯ ಹತ್ತಿರ ಒಂದು ಕಂದು ನಾಯಿ ಸತ್ತು ಬಿದ್ದಿತ್ತಂತೆ, ಎತ್ತಿ ಸಾಗಿಸಿದನಂತೆ ಅಂದೆ.

ಅವರು ನಿಂತಲ್ಲೇ ಕೇಳಿದರು, “ಎದೆ ಮೇಲೆ ಬಿಳಿ ಇತ್ತಂತೆಯೋ?”

“ಹೂಂ ಅಂದ ಮಾವ.”

ಅಷ್ಟೇ. ಅವರು ನೇರ ಬಾವಿಕಟ್ಟೆಗೆ ಹೋದರು. ಉಟ್ಟ ಪಂಚೆಯಲ್ಲೇ ನಿಂತು, ತಣ್ಣೀರು ಸೇದಿ ಸೇದಿ ತಲೆಯ ಮೇಲೆ ಸುರಿದುಕೊಂಡರು. ರಕ್ತಸಂಬಂಧಿಗಳು ಸತ್ತ ಸುದ್ದಿ ಬಂದರೆ ನಮ್ಮಲ್ಲಿ ಹಾಗೆ ಸ್ನಾನ ಮಾಡುತ್ತಾರೆ. ಆ ನೀರು ಬಿದ್ದಮೇಲೆ ಸತ್ತವರ ಋಣ ಕಳಚಿತು ಅಂತ. ನಾಯಿಗೆ ಮಾಡಿದವರನ್ನು ನಾನು ಕಂಡಿರಲಿಲ್ಲ. ಪಕ್ಕದ ಮನೆಯವರು ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಒಂದು ಮಾತು—‘ನಿಲ್ಲಿಸಿ ಮಾವ’—ಅಂದಿದ್ದರೆ ಸಾಕಿತ್ತು.

ಗೌರಿಹಬ್ಬದ ಸಮಯದಲ್ಲಿ ಗೆಳತಿಯೊಬ್ಬಳಿಗೆ ಬಾಗಿನ ಕೊಡಲು ವಿದ್ಯಾರಣ್ಯಪುರಕ್ಕೆ ಹೋಗಿದ್ದೆ. ಅವಳ ಮನೆಯ ಸಾಲಿನಲ್ಲೇ ಎಮ್ಮೆ ಸಾಕಿಕೊಂಡಿದ್ದ ಸಾಕಮ್ಮ ಅನ್ನುವವರ ಮನೆ. ಅವರ ಬಾಗಿಲಲ್ಲಿ ಜಾಕಿ ಮಲಗಿತ್ತು. ಮೈಗೆ ಕಜ್ಜಿ ಹತ್ತಿತ್ತಂತೆ, ಕೂದಲೆಲ್ಲ ಕತ್ತರಿಸಿ ಬೇವಿನೆಣ್ಣೆ ಸವರಿದ್ದರು. ಒಂದು ಕಿವಿ ಯಾವುದೋ ನಾಯಿಯ ಬಾಯಿಗೆ ಸಿಕ್ಕಿ ಹರಿದಿತ್ತು. ನಾನು ನಿಂತದ್ದನ್ನು ನೋಡಿ ಸಾಕಮ್ಮ ಕೇಳಿದರು, “ನಿಮ್ದಾ ಕಣವ್ವ? ಬಂದ್ಬುಟ್ಟು ಇಲ್ಲೇ ಮನಿಕಂಡದೆ. ಬೀದಿ ನಾಯಲ್ಲ ಇದು, ಮನೇಲಿ ಉಂಡು ಬೆಳೆದದ್ದು. ಯಾರೋ ಕದ ಹಾಕ್ಕಂಡವ್ರೆ.”

ಗೊತ್ತಿಲ್ಲ ಅಂತ ತಲೆಯಾಡಿಸಿ ಮುಂದಕ್ಕೆ ಹೋದೆ. ಹಿಂದಿನಿಂದ ಕಾಲು ಎಳೆಯುವ ಸದ್ದು. ಅದು ಎದ್ದು ಬರುತ್ತಿತ್ತು—ಕಾಣದು, ಕೇಳದು, ನನ್ನ ಸೀರೆಯ ವಾಸನೆಯೊಂದನ್ನೇ ಹಿಡಿದು. ಆಚೆಗೆ ಹಾಕಿದವಳ ಹಿಂದೆಯೇ ಬಂತು. ನಾನು ರಸ್ತೆಯಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಸಾಕಮ್ಮನಿಗೆ ಕೈ ಮುಗಿದು, ಜಟಕಾ ಮಾಡಿಕೊಂಡು ಅದನ್ನು ಮನೆಗೆ ತಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಮಾವನವರು ಅದನ್ನು ತಬ್ಬಿಕೊಳ್ಳುತ್ತಾರೆ, ಎಲ್ಲ ಮುಗಿಯುತ್ತದೆ, ಯಾರೂ ಏನೂ ಕೇಳುವುದಿಲ್ಲ.

ಅವರು ಜಗಲಿಯಲ್ಲಿದ್ದರು. “ಮಾವ, ಜಾಕಿ ಸಿಕ್ಕಿತು” ಅಂದೆ. ಜಾಕಿ ಹೋಗಿ ಅವರ ಪಾದದ ಮೇಲೆ ತಲೆಯಿಟ್ಟಿತು. ಅವರು ಬಗ್ಗಿ ಮೈ ಸವರಿದರು. ಕೂದಲಿಲ್ಲದ ಬೆನ್ನು, ಹರಿದ ಕಿವಿ. ಕೈಯನ್ನು ಮೂಗಿಗೆ ಹಿಡಿದು ಮೂಸಿದರು, ಬೇವಿನೆಣ್ಣೆ. ಆಮೇಲೆ ನಿಧಾನವಾಗಿ ಕೈ ತೆಗೆದರು.

“ಬೇಡಮ್ಮ. ಅವನ ಹೆಸರಲ್ಲಿ ನಾನು ನೀರು ಹಾಕಿಕೊಂಡಾಗಿದೆ.”

“ಜಾಕಿನೇ ಮಾವ. ಎದೆ ಮೇಲೆ ಬಿಳಿ ಇದೆ.”

“ಆ ಬಿಳಿಯನ್ನ ಹೆಣ ಎತ್ತಿದವನೇ ನೋಡಿದಾನಲ್ಲ. ನೀನೇ ಹೇಳಿದೆ.”

ನಮ್ಮವರು ಬಂದು ನೋಡಿ ಬೆರಗಾಗಿ ಹೇಳಿದರು, “ಅಣ್ಣ, ನಿಜವಾಗ್ಲೂ ಜಾಕಿ ಕಣ್ರೀ.” ಮಾವನವರು ನಕ್ಕರು. ಇಬ್ಬರೂ ಸೇರಿ ಮುದುಕನಿಗೆ ಸಮಾಧಾನ ಮಾಡ್ತೀರಿ ಅಂದರು. ನಮ್ಮವರು ನನ್ನ ಕಡೆ ತಿರುಗಿ, “ಆ ಗುಡಿಸೋನು ಯಾರು ಹೇಳು, ಕರೆದುಕೊಂಡು ಬಂದು ಇವರೆದುರೇ ಕೇಳೋಣ” ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯಿತು ನನಗೆ. ಅಂಥವನೊಬ್ಬ ಇರಲೇ ಇಲ್ಲ ಅಂತ ಹೇಳಬೇಕಾದ ಗಳಿಗೆ ಅದೇ. ಜಾಕಿಯನ್ನು ಅವರಿಗೆ ವಾಪಸ್ಸು ಕೊಡಲು ಅದೊಂದೇ ದಾರಿಯಿತ್ತು. ತಂದು ಕಾಲ ಬಳಿ ಬಿಟ್ಟರೆ ಕೊಟ್ಟ ಹಾಗಲ್ಲ. ನಾನು, “ಮುಖ ನೆನಪಿಲ್ಲ” ಅಂದೆ.

“ಇರಲಿ ಬಿಡೋ, ಅವಳನ್ನ ಯಾಕೆ ಕಾಡಿಸ್ತೀಯ” ಅಂದರು ಮಾವನವರು. “ನಿನ್ನ ಮನಸ್ಸು ದೊಡ್ಡದು ಪದ್ಮಾ. ಯಾರ ಮನೇದೋ ಪಾಪ, ಇಲ್ಲೇ ಇರಲಿ. ಒಂದು ತುತ್ತು ಅನ್ನ ಹಾಕೋಣ.”

ಆಮೇಲೆ ಮನೆಗೆ ಬಂದವರಿಗೆಲ್ಲ ಅವರು ಇದೇ ಕತೆ ಹೇಳಿದರು—ನನ್ನ ಸಂಕಟ ನೋಡಲಾರದೆ ಸೊಸೆ ಎಲ್ಲಿಂದಲೋ ಒಂದು ಮುದಿ ನಾಯಿ ತಂದಳು ಅಂತ. ನನ್ನ ಹೆಸರು ಬೀದಿಯಲ್ಲೆಲ್ಲ ಹರಡಿತು. ಪಕ್ಕದ ಮನೆಯವರು ತಮ್ಮ ಸೊಸೆಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿದರೆ ಅದನ್ನೂ ವಿನಯ ಅಂದರು.

ಅವರು ಅದನ್ನು ಒಂದು ದಿನವೂ ಜಾಕಿ ಅಂತ ಕರೆಯಲಿಲ್ಲ. ‘ಏನಯ್ಯಾ’ ಅನ್ನುತ್ತಿದ್ದರು, ಮನೆಗೆ ಬಂದ ಅತಿಥಿಯ ಹಾಗೆ. ಮೊಸರನ್ನ ನಾನೇ ಕಲಸಿ ಹಾಕಬೇಕಾಯಿತು. ಹಸಿದಿರುತ್ತಿತ್ತೋ ಏನೋ, ಈಗ ಮೂಸದೆ ತಿನ್ನುತ್ತಿತ್ತು. ಸಂಜೆ ತಿರುಗಾಡಲು ಹೋಗುವುದನ್ನು ಮಾವನವರು ಬಿಟ್ಟಿದ್ದರು. ಜಗಲಿಯಲ್ಲಿ ಕೂತು ಅದರೊಡನೆ ಮಾತಾಡುತ್ತಿದ್ದರು. ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. “ನಮ್ಮನೇಲಿ ಒಬ್ಬನಿದ್ದ ಕಣಯ್ಯಾ, ಜಾಕಿ ಅಂತ. ನಿನ್ನ ಹಾಗೆ ಮಂಕಲ್ಲ ಅವನು. ನನ್ನ ಹೆಂಡತಿ ತಂದ ಮರಿ. ನನ್ನ ಗಂಟು ಸಡಿಲವಾಯ್ತು, ಹೋಗಿಬಿಟ್ಟ. ಎಷ್ಟು ಹುಡುಕಿದನೋ ನನ್ನ...” ಜಾಕಿಯ ಮುಂದೆ ಕೂತು ಜಾಕಿಗಾಗಿ ಅಳುತ್ತಿದ್ದರು. ಕಿವಿ ಕೇಳದ ಅದು ಅವರ ಪಾದದ ಮೇಲೆ ತಲೆಯಿಟ್ಟು ಮಲಗಿರುತ್ತಿತ್ತು. ಮೊರ ಕೆಳಗಿಟ್ಟು ಎದ್ದು ಹೋಗಿ ಹೇಳಲು ಎಷ್ಟು ಹೊತ್ತು ಬೇಕಿತ್ತು ನನಗೆ? ದಿನವೂ ಎದ್ದೆ ಅಂದುಕೊಳ್ಳಿ. ದಿನವೂ ಕೂತೆ.

ಆ ಧನುರ್ಮಾಸದ ಚಳಿಯಲ್ಲಿ ಜಾಕಿ ಸತ್ತಿತು. ನಮ್ಮವರು ಹಿತ್ತಿಲಲ್ಲಿ ಕರಿಬೇವಿನ ಗಿಡದ ಪಕ್ಕ ಗುಂಡಿ ತೋಡಿ ಹೂತರು. ಮಾವನವರು ಜಗಲಿಯಿಂದಲೇ ಕೇಳಿ, “ಪಾಪ, ಒಳ್ಳೇದಿತ್ತು” ಅಂದರು. ಸ್ನಾನಕ್ಕೆ ಏಳಲಿಲ್ಲ.

ಮುಂದಿನ ವರ್ಷ ಅವರೂ ಹಾಸಿಗೆ ಹಿಡಿದರು. ಹಿತ್ತಿಲ ಕಡೆಯ ಕೋಣೆಯಲ್ಲಿ, ಗಾಳಿ ಬರಲಿ ಅಂತ, ಕಿಟಕಿಯ ಪಕ್ಕ ಮಂಚ ಹಾಕಿದ್ದೆವು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಸಾಕು ಅಂತ ಕೈ ಅಡ್ಡ ಹಿಡಿದು ಕೇಳಿದರು:

“ಪದ್ಮಾ, ಆ ಗುಡಿಸೋನು ಜಾಕಿಯನ್ನ ಎಲ್ಲಿ ಹೂತ ಅಂತ ನೀನು ಕೇಳಿದ್ಯಾ?”

ಕಿಟಕಿಯಾಚೆ ಕರಿಬೇವಿನ ಗಿಡ ಕಾಣುತ್ತಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವರಿಗೆ ಇನ್ನು ಬಹಳ ದಿನವಿಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

“ಕೇಳಲಿಲ್ಲ ಮಾವ” ಅಂದೆ.

“ಹೋಗಲಿ ಬಿಡು. ನಿನಗೆಲ್ಲಿ ತೋಚಬೇಕು ಆಗ” ಅಂದು ನನ್ನ ಕೈ ತಟ್ಟಿದರು.