ಪಕ್ಕದ ಮನೆಯಾಕೆಯ ಸೀರೆ

ಮದ್ರಾಸಿನ ರಾಯಪುರಂನಲ್ಲಿ ನಮ್ಮ ಪಕ್ಕದ ಮನೆಯಾಕೆ ಬೆಳಗ್ಗೆ ಮೀನು ಮಾರಿ ಒಂಬತ್ತಕ್ಕೆಲ್ಲ ಹಿಂದಿರುಗುತ್ತಿದ್ದಳು. ನಾನು ಪಾಠ ಹೇಳಲು ಶಾಲೆಗೆ ಹೊರಟೊಡನೆ ನನ್ನ ಮಗು ಉಸಿರುಗಟ್ಟಿ ಅಳುತ್ತಿತ್ತು. ಆಕೆ ಅದನ್ನು ಸೊಂಟಕ್ಕೇರಿಸಿಕೊಂಡು, ನಮ್ಮಿಂದ ಕಲಿತ ಅರೆಬರೆ ಕನ್ನಡದಲ್ಲಿ, "ನೀ ಪೋಮ್ಮಾ, ನಾನಿದ್ದೀನಿ" ಎನ್ನುತ್ತಿದ್ದಳು. ನಾನು ಉಟ್ಟು ಬಿಟ್ಟ ಸೀರೆಯಿಂದಲೇ ಜೋಲಿ ಕಟ್ಟುತ್ತಿದ್ದಳು. "ಅಮ್ಮನ ವಾಸನೆ ಇದ್ರೆ ಮಲಗುತ್ತೆ."

ನಾವು ಮೈಲಾಪುರಕ್ಕೆ ಮನೆ ಬದಲಿಸಿದ ದಿನ ಮಗು ಆಕೆಯ ಕೊರಳು ಬಿಡಲಿಲ್ಲ. ಜಟಕಾ ಹೊರಡುವಾಗ ಆಕೆ ತಾನು ಉಟ್ಟು ಬಿಟ್ಟ ಸೀರೆಯೊಂದನ್ನು ನನ್ನ ಮಡಿಲಲ್ಲಿಟ್ಟಳು. ಮಡಿಯ ಮನೆಗೆ ಮೀನಿನ ನಾತ ತಾಗಬಾರದೆಂದು ನಾನು ಅದನ್ನು ಎರಡು ಸಲ ಸೋಪು ಹಾಕಿ ಒಗೆದು, ಮರುದಿನ ಅದರಲ್ಲೇ ಜೋಲಿ ಕಟ್ಟಿದೆ. ಮಗು ಬಟ್ಟೆಗೆ ಮೂಗೊತ್ತಿ ಮೂಸಿತು, ಆಮೇಲೆ ಬಾಗಿಲ ಕಡೆ ತಿರುಗಿ ಅಳತೊಡಗಿತು.

"ನಾನಿದ್ದೀನಿ" ಎಂದೆ. ಅದು ನನ್ನತ್ತ ನೋಡಲೂ ಇಲ್ಲ.