ದುಭಾಷಿ ನುಂಗದ ಮಾತು

ಮೊನ್ನೆ ಶಿರಾ ಪೇಟೆಯಲ್ಲಿ ಅಂಗಡಿಯೊಂದರ ಮುಂದೆ ಹಾಯುವಾಗ ಲೋಬಾನದ ಹೊಗೆ ಮೂಗಿಗೆ ಬಡಿಯಿತು. ನಮ್ಮ ಪಕ್ಕದ ಮನೆಯ ಚಾಚಾ ನೆನಪಾದರು... ಸಂಜೆಯಾದರೆ ಅವರ ಮನೆಯಿಂದ ನಮ್ಮ ಪಡಸಾಲೆಗೂ ಇದೇ ವಾಸನೆ ಬರುತ್ತಿತ್ತು.

ಚಾಚಾ ಹರೆಯದಲ್ಲಿ ಅರಬ್ಬರ ಕಡಲ ದಂಡೆಯ ಒಂದು ಪುಟ್ಟ ಸಂಸ್ಥಾನದಲ್ಲಿ ದುಭಾಷಿಯಾಗಿದ್ದವರು. ಆ ನಾಡು ಇಂಗ್ಲಿಷರ 'ರಕ್ಷಣೆ'ಯಲ್ಲಿತ್ತಂತೆ. ಆ ಪದ ಬಂದಾಗಲೆಲ್ಲ ಎದ್ದುಹೋಗಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬರುತ್ತಿದ್ದರು. ಕಾಲೇಜಿನ ಇಂಗ್ಲಿಷ್ ಪಾಠ ಹೇಳಿಸಿಕೊಳ್ಳಲು ಹೋಗುತ್ತಿದ್ದ ನನಗೆ ಪಾಠಕ್ಕಿಂತ ಈ ಕತೆಯೇ ಉಳಿಯಿತು.

ಇಂಗ್ಲಿಷರ ದಂಡು ಅಲ್ಲಿಂದ ಹೊರಡಬೇಕೆಂದು ತೀರ್ಮಾನವಾಗಿ ಮಾತುಕತೆ ನಡೆದಿತ್ತು. ಒಂದು ಕಡೆ ದಂಡಿನ ಅಧಿಕಾರಿ, ಎದುರಿಗೆ ಅಲ್ಲಿನ ದೊರೆಯ ಮಂತ್ರಿ, ನಡುವೆ ಚಾಚಾ. ಹೋಗುತ್ತೇವೆ, ಆದರೆ ಹಡಗುಕಟ್ಟೆ ನಮಗೇ ಇರಲಿ ಎಂದು ಅಧಿಕಾರಿಯ ಪಟ್ಟು. ಮಂತ್ರಿ ಹೂಂ ಅನ್ನಲಾರದೆ, ಊಹೂಂ ಅನ್ನಲಾರದೆ ಕಾಫಿ ತರಿಸುತ್ತಲೇ ಇದ್ದ. ಒಬ್ಬನಿಗೆ ಹೋಗಲು ಮನಸ್ಸಿಲ್ಲ, ಇನ್ನೊಬ್ಬನಿಗೆ ಕಳಿಸಲು ಎದೆಯಿಲ್ಲ.

ಬೇಸತ್ತ ಅಧಿಕಾರಿ ಕೊನೆಗೆ ಪಕ್ಕದಲ್ಲಿದ್ದ ತನ್ನ ಜೊತೆಗಾರನ ಕಡೆ ತಿರುಗಿ, ನಾವು ಹಡಗು ಹತ್ತಿದ ಮರುದಿನವೇ ಈ ಜನ ನಮ್ಮ ಬೂಟು ಹಿಡಿದು ಅಳುತ್ತಾರೆ ನೋಡು ಎಂದನಂತೆ. ಇದನ್ನು ಹೇಳಬೇಡ ಎಂದು ಚಾಚಾಗೆ ಕಣ್ಸನ್ನೆಯನ್ನೂ ಮಾಡಿದ. ಚಾಚಾ ಹೇಳಿದರು. ಒಂದಕ್ಷರ ಬಿಡದೆ, ಅರಬ್ಬಿಯಲ್ಲಿ. ಮಂತ್ರಿ ಸಿಡಿದೇಳುತ್ತಾನೆ, ಹಡಗುಕಟ್ಟೆ ಆ ನಾಡಿಗೇ ಉಳಿಯುತ್ತದೆ ಅಂದುಕೊಂಡಿದ್ದರು.

ಮಂತ್ರಿ ನಕ್ಕ. ಸಾಹೇಬರಿಗೆ ತಮಾಷೆಯೆಂದರೆ ಬಲು ಇಷ್ಟ ಎಂದ. ಆಮೇಲೆ, ಈ ದುಭಾಷಿಗೆ ಮರ್ಯಾದೆ ಗೊತ್ತಿಲ್ಲ, ಬೇರೆಯವನನ್ನು ಕರೆಸಿ ಎಂದು ತಾನೇ ಕೇಳಿದ. ಹಡಗುಕಟ್ಟೆ ಇಂಗ್ಲಿಷರ ಕೈಯಲ್ಲೇ ಉಳಿಯಿತು. ಚಾಚಾ ಕೆಲಸ ಕಳೆದುಕೊಂಡು ಶಿರಾಕ್ಕೆ ಬಂದರು.

"ಬೈದೋನ ಮ್ಯಾಲೆ ನಂಗೆ ಸಿಟ್ಟಿಲ್ಲ ಕಣಮ್ಮ," ಎಂದಿದ್ದರು ಒಂದು ದಿನ. "ಬೈಸ್ಕಂಡು ಹಲ್ಲು ಕಿರಿದ್ನಲ್ಲ, ಅವನ್ನ ನೆನೆಸ್ಕಂಡ್ರೆ ಇವತ್ತಿಗೂ ಮೈ ಉರೀತದೆ."

ಊರ ದೊಡ್ಡವರು ಅವರನ್ನು ಹುಚ್ಚು ಸಾಬಿ ಎಂದು ಆಡಿಕೊಳ್ಳುತ್ತಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲೇ ಸುಖವಾಗಿರಬಹುದಿತ್ತಂತೆ. ಹಾಗೆಂದವರೇ, ಮಂತ್ರಿಗಳ ಕಾರು ಬಂದರೆ ಬಾಗಿಲು ತೆಗೆಯಲು ಒಬ್ಬರನ್ನೊಬ್ಬರು ನೂಕಾಡುತ್ತಿದ್ದರು. ಚಾಚಾ ಜಗಲಿಯ ಮೇಲೆ ಕೂತು ನೋಡುತ್ತಿದ್ದರು...

ಅವರು ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಟೀವಿಯಲ್ಲಿ ಯಾವುದೋ ದೇಶದ ದಂಡು ಇನ್ಯಾವುದೋ ದೇಶ ಬಿಟ್ಟು ಹೊರಡುವ ಮಾತುಕತೆ ತೋರಿಸುತ್ತಾರೆ. ಸೂಟಿನವರು ಕೈ ಕುಲುಕುತ್ತಾರೆ, ನಗುತ್ತಾರೆ. ನಾನು ಅವರ ನಡುವೆ ತಲೆ ತಗ್ಗಿಸಿ ಕೂತ ದುಭಾಷಿಯನ್ನೇ ನೋಡುತ್ತೇನೆ. ಅವನು ಯಾವ ಮಾತನ್ನು ನುಂಗಿಕೊಂಡನೋ ನನಗೆ ತಿಳಿಯುವುದಿಲ್ಲ. ಚಾಚಾ ಆಗಿದ್ದರೆ ಅವನ ಮುಖ ನೋಡಿಯೇ ಹೇಳುತ್ತಿದ್ದರು.