ಊಟದ ಮಧ್ಯೆ ಎದ್ದು ಹೋದ ನಾಯಕ

ನಮ್ಮ ಮನೆತನದ ವಾಚಕ ಸಭೆಗೆ ನಾಲ್ಕೇ ಸದಸ್ಯರು. ಪರ್ತ್‌ನಲ್ಲಿ ನಾನು ಮತ್ತು ನನ್ನ ಹೆಂಡತಿ, ಬ್ರಿಸ್ಬೇನ್‌ನಲ್ಲಿ ನನ್ನ ತಂಗಿ, ಅಡಿಲೇಡ್‌ನಲ್ಲಿ ತಂಗಿಯ ಒಬ್ಬಳೇ ಮಗಳು, ನನ್ನ ಸೋದರಸೊಸೆ. ಭಾನುವಾರದಂದು ಫೋನಿನ ಪರದೆಯ ಮೇಲೆ ಸಭೆ ಸೇರುತ್ತದೆ. ಅಧ್ಯಕ್ಷ ನಾನು. ಈ ಪದವಿಗೆ ನನ್ನನ್ನು ಯಾರೂ ಆರಿಸಲಿಲ್ಲ. ಬೇಡವೆಂದೂ ಯಾರೂ ಹೇಳದ ಕಾರಣ ಅವಿರೋಧ ಆಯ್ಕೆಯೆಂದು ಭಾವಿಸಿಕೊಂಡಿದ್ದೇನೆ. ಸಭೆಯ ಮೊದಲ ಕಲಾಪ ಯಾವಾಗಲೂ ಒಂದೇ: ಈಗ ಯಾರ ಊರಿನಲ್ಲಿ ಎಷ್ಟು ಗಂಟೆ ಎಂಬ ಚರ್ಚೆ. ಅಡಿಲೇಡ್‌ನ ಗಡಿಯಾರ ಬ್ರಿಸ್ಬೇನಿನದಕ್ಕಿಂತ ಚಳಿಗಾಲದಲ್ಲಿ ಅರ್ಧ ಗಂಟೆ ಹಿಂದೆ ಇರುತ್ತದೆ, ಬೇಸಿಗೆಯಲ್ಲಿ ಅರ್ಧ ಗಂಟೆ ಮುಂದೆ ಹೋಗುತ್ತದೆ. ಬಂಡೆಗಳ ವಯಸ್ಸು ಹೇಳಿ ಗಣಿ ಕಂಪನಿಗಳಿಂದ ಸಂಬಳ ತೆಗೆದುಕೊಂಡವನು ನಾನು. ಕೋಟಿಗಟ್ಟಲೆ ವರ್ಷಗಳು ನನಗೆ ಭಯ ಹುಟ್ಟಿಸಿದ್ದಿಲ್ಲ. ಈ ಅರ್ಧ ಗಂಟೆ ಮಾತ್ರ ಇಂದಿಗೂ ನನ್ನ ಕೈಗೆ ಸಿಕ್ಕಿಲ್ಲ.

ಪುಸ್ತಕದ ಹೆಸರು ಸೂಚಿಸುವ ಸರದಿ ಬಂದಾಗಲೆಲ್ಲ 'ಐ ಡೋಂಟ್ ಮೈಂಡ್' ಎಂದು ತಪ್ಪಿಸಿಕೊಳ್ಳುತ್ತಿದ್ದ ಸೊಸೆ, ಕಳೆದ ಜುಲೈನಲ್ಲಿ ತಾನಾಗಿಯೇ ಒಂದು ಕಾದಂಬರಿಯನ್ನು ಆರಿಸಿ ಎರಡೂ ಮನೆಗಳಿಗೆ ಪ್ರತಿ ಕಳಿಸಿದಳು. ದಪ್ಪ ಪುಸ್ತಕ. ಹೊದಿಕೆಯ ಮೇಲೆ ಕೆಂಪು ಆಕಾಶ, ಅದರ ಮುಂದೆ ಅಂಗಿಯ ಗುಂಡಿಗಳ ವಿಷಯದಲ್ಲಿ ಸ್ವಲ್ಪ ಅಜಾಗರೂಕನಾದ ಒಬ್ಬ ಗಂಡಸು. ಅಮ್ಮನ ಮನೆಯನ್ನು ಮಾರಲು ಬೆಟ್ಟದ ಪುಟ್ಟ ಊರಿಗೆ ಮರಳಿ ಬರುವ ಹೆಂಗಸೊಬ್ಬಳು ಕಥಾನಾಯಕಿ. ಅವಳು ಬಂದಾಗಿನಿಂದ ಸುತ್ತಲಿನ ಕಾಡಿಗೆ ಯಾರೋ ಬೇಕೆಂದೇ ಬೆಂಕಿ ಹಚ್ಚುತ್ತಿದ್ದಾರೆ. ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಅಲ್ಲಿಗೆ ಬರುವವನು ಊರಿನ ಸ್ವಯಂಸೇವಕ ಅಗ್ನಿಶಾಮಕ ತಂಡದ ಮುಖ್ಯಸ್ಥ. ಅವನೇ ನಾಯಕ. ಪೊಲೀಸರಿಗೆ ಅವನ ಮೇಲೆಯೇ ಅನುಮಾನ, ನಾಯಕಿಗೆ ಅವನ ಮೇಲೆಯೇ ಪ್ರೀತಿ.

"ಐ ವಾಂಟ್ ಆನೆಸ್ಟ್ ಒಪೀನಿಯನ್ಸ್, ಮಾಮ," ಎಂದಳು ಸೊಸೆ. "ಎಸ್ಪೆಶಲಿ ಅಬೌಟ್ ಹಿಮ್."

ನಾನು ಅದನ್ನು ಫ್ರೀಮ್ಯಾಂಟಲ್‌ಗೆ ಹೋಗಿ ಬರುವ ರೈಲಿನಲ್ಲಿ ಓದಿದೆ. ನಿವೃತ್ತಿಯ ನಂತರ ನನಗೆ ಅಲ್ಲಿ ಮಾಡಲು ಇರುವ ಕೆಲಸವೆಂದರೆ ಬಂದರಿನ ಕ್ರೇನುಗಳನ್ನು ನೋಡಿ ಒಂದು ಕಾಫಿ ಕುಡಿದು ಹಿಂದಿರುಗುವುದು. ಹೊದಿಕೆಗೆ ಮಾತ್ರ ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತಿಕೊಂಡಿದ್ದೆ. ನನ್ನ ಹೆಂಡತಿಯ ಓದಿನ ಪದ್ಧತಿ ಬೇರೆ. ಅವಳು ಯಾವ ಪುಸ್ತಕವನ್ನಾದರೂ ಕೊನೆಯ ಪುಟದಿಂದಲೇ ಪ್ರಾರಂಭಿಸುವವಳು. "ಯಾರು ಉಳೀತಾರೆ ಅಂತ ಗೊತ್ತಿದ್ರೆ ನಿಶ್ಚಿಂತೆಯಾಗಿ ಓದ್ಬಹುದು ರೀ" ಎನ್ನುತ್ತಾಳೆ. ಬೆಂಕಿ ಹಚ್ಚಿದವರು ಯಾರೆಂದು ಅವಳಿಗೆ ಮೊದಲ ದಿನವೇ ತಿಳಿದಿತ್ತು. ನಾನು ಓದುತ್ತ ಯಾರನ್ನಾದರೂ ಸಂಶಯಿಸಿದಾಗಲೆಲ್ಲ ಅವಳು ಪಕ್ಕದಲ್ಲಿ ಹುರುಳಿಕಾಯಿ ಮುರಿಯುತ್ತ ನಗುತ್ತಿದ್ದಳು. ಒಂದೇ ಮನೆಯಲ್ಲಿ ಇಂಥವರ ಜೊತೆ ಪತ್ತೇದಾರಿ ಓದುವುದು ದೊಡ್ಡ ತಪಸ್ಸು.

ಅಭಿಪ್ರಾಯ ಮಂಡನೆಯ ಭಾನುವಾರ ಬಂತು. ನಾನು ಗಂಟಲು ಸರಿಮಾಡಿಕೊಂಡು, ಮೊದಲ ಅಧ್ಯಾಯದಲ್ಲಿ ಗ್ರಾನೈಟ್ ಆಗಿದ್ದ ಬೆಟ್ಟ ಮುಂದೆ ಸುಣ್ಣದಕಲ್ಲಾಗಿರುವುದನ್ನು ಲೇಖಕಿ ಸಂಪೂರ್ಣ ನಿರ್ಲಕ್ಷಿಸಿದ್ದಾರೆ ಎಂದು ಖೇದ ವ್ಯಕ್ತಪಡಿಸಿದೆ. ಹೆಂಡತಿ, ನಾಯಕಿ ಮನೆ ಮಾರದೆ ಉಳಿಸಿಕೊಂಡದ್ದು ಜಾಣತನ ಎಂದಳು. ಆಮೇಲೆ ತಂಗಿಯ ಸರದಿ. ಅವಳು ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನ ತನ್ನ ಅಡುಗೆಮನೆಯಲ್ಲಿ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಕೂತಿದ್ದಳು.

"ಬೆಂಕಿ, ಪೊಲೀಸು, ಅದೆಲ್ಲ ಇರ್ಲಿ ಅಣ್ಣ. ನಂಗೆ ಆ ನಾಯಕ ಹಿಡಿಸ್ಲಿಲ್ಲ."

"ಯಾಕೆ, ಅಮ್ಮ?" ಎಂದು ಸೊಸೆ ಕೇಳಿದಳು. ಅವಳು ಕನ್ನಡದಲ್ಲಿ ಪ್ರಶ್ನೆ ಕೇಳುವುದು ತೀರ ಅಪರೂಪ.

"ಪಾಪ, ಅವ್ಳು ಅಷ್ಟು ಆಸೆಯಿಂದ ಅಡುಗೆ ಮಾಡಿ ಬಡಿಸ್ತಾಳೆ. ಎಲ್ಲೋ ಬೆಂಕಿ ಬಿತ್ತು ಅಂತ ಅವನ ಪೇಜರ್ ಕೂಗತ್ತೆ. ಅರ್ಧ ಊಟದಲ್ಲಿ ಎದ್ದು ಹೊರಟೇ ಹೋಗ್ತಾನೆ. ತಟ್ಟೆ ಮುಂದೆ ಕೂತ ಮೇಲೆ ಎದ್ದು ಹೋಗೋ ಗಂಡಸು ಬೇಡ. ಎಷ್ಟೇ ಒಳ್ಳೆಯೋನಾದ್ರೂ ಬೇಡ."

ಅವಳು ಹೀಗೆಂದದ್ದು ಏಕೆಂದು ನಾಲ್ವರಿಗೂ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ, ಅದೇ ಅಡುಗೆಮನೆಯ ಅದೇ ಮೇಜಿನಿಂದ, ತಂಗಿಯ ಗಂಡ ಹುಳಿಯನ್ನ ಮುಗಿಸಿ "ಯಾಕೋ ಸೆಕೆ ಆಗ್ತಿದೆ, ಎರಡು ನಿಮಿಷ, ಬಂದೆ" ಎಂದು ಎದ್ದು ಹಿತ್ತಿಲ ಬಾಗಿಲಿನತ್ತ ಹೋದವರು ಹಿಂದಿರುಗಲಿಲ್ಲ. ಹೃದಯ ನಿಂತಿತ್ತು. ತಂಗಿ ಮಜ್ಜಿಗೆಯ ಸೌಟು ಹಿಡಿದು ಕಾಯುತ್ತಿದ್ದಳಂತೆ. ಅದಾದ ಮೇಲೆ ಅವಳ ಮನೆಯಲ್ಲಿ ಊಟಕ್ಕೆ ಕೂತವರು ಉಪ್ಪು ತರಲೂ ಏಳುವಂತಿಲ್ಲ.

ಆ ವಾರವೇ ಸೊಸೆ ನನಗೆ ಪ್ರತ್ಯೇಕವಾಗಿ ಫೋನ್ ಮಾಡಿದಳು. ನಾನು ರೈಲಿನಲ್ಲಿದ್ದೆ. ಅವಳಿಗೆ ಒಬ್ಬ ಹುಡುಗ ಗೊತ್ತಂತೆ. ಅಡಿಲೇಡ್‌ನ ಬೆಟ್ಟದ ಕಡೆಯವನು, ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾನಂತೆ, ಇಬ್ಬರೂ ಮದುವೆಯಾಗಬೇಕೆಂದಿದ್ದಾರಂತೆ. ಅಷ್ಟು ಹೇಳಿ ಅಳತೊಡಗಿದಳು.

"ಭೂಗೋಳ ಅಂದ್ರೆ ಗೌರವಸ್ಥ ವಿಷಯ," ಎಂದೆ. "ಇದರಲ್ಲಿ ಅಳುವಂಥದ್ದೇನಿದೆ?"

"ಹೀ ಈಸ್ ಎ ವಾಲಂಟಿಯರ್, ಮಾಮ. ಫೈರ್ ಬ್ರಿಗೇಡ್. ಹೀ ಹ್ಯಾಸ್ ದ ಪೇಜರ್ ಅಂಡ್ ಎವ್ರಿಥಿಂಗ್."

ತಾಯಿಯ ಒಪ್ಪಿಗೆಯಿಲ್ಲದೆ ಆಗುವುದಿಲ್ಲ ಎಂದು ಕಾನೂನೇನೂ ಇರಲಿಲ್ಲ. ಆದರೆ ತಾಯಿ ಮಗಳು ಇಬ್ಬರೇ ಉಳಿದಿರುವ ಮನೆ ಅದು. ತಾಯಿ ಪ್ರತಿ ಬೇಸಿಗೆಯೂ ಹೆದರಿಕೊಂಡು ಕೂರುವಂಥ ಮದುವೆ ಅವಳಿಗೆ ಬೇಡವಾಗಿತ್ತು. ಅಮ್ಮನಿಗೆ ಈಗಲೇ ಹೇಳಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಳು. ನಾನು ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಹೇಳಿದಳು: "ನಿಮ್ಮ ತಂಗಿ ಫೋನ್ ಮಾಡಿದ್ಳು ರೀ. 'ಅತ್ತಿಗೆ, ಆ ಪುಸ್ತಕ ಸುಮ್ ಸುಮ್ನೆ ಕಳ್ಸಿಲ್ಲ ನನ್ನ ಮಗಳು. ಯಾರೋ ಇದಾನೆ' ಅಂದ್ಳು."

ಹೀಗೆ ಎಲ್ಲರಿಗೂ ಎಲ್ಲವೂ ತಿಳಿದ ಮೇಲೆ, ನಮ್ಮ ಮನೆತನದ ಸಂಪ್ರದಾಯದಂತೆ, ಆ ವಿಷಯವನ್ನು ಯಾರೂ ಎತ್ತಲಿಲ್ಲ. ತಿಂಗಳುಗಟ್ಟಲೆ ಕಾದಂಬರಿಯನ್ನೇ ಚರ್ಚಿಸಿದೆವು. ಒಂದು ಭಾನುವಾರದ ಕಲಾಪ ನನಗೆ ಚೆನ್ನಾಗಿ ನೆನಪಿದೆ.

"ಆ ನಾಯಕ ಕುರಿ ಸಾಕ್ಕೊಂಡು ಇರ್ತಾನಲ್ಲ," ಎಂದಳು ತಂಗಿ, ಸೊಪ್ಪು ಬಿಡಿಸುತ್ತ. "ಬೇರೆ ಏನಾದ್ರೂ ಕೆಲಸ ಇದ್ದಿದ್ರೆ ಪರವಾಗಿರ್ಲಿಲ್ಲ."

"ವಾಟ್ ಇಫ್ ಹೀ ವಾಸ್ ಎ ಟೀಚರ್?"

ತಂಗಿ ತಲೆ ಎತ್ತಲಿಲ್ಲ. "ಯಾವ ಸಬ್ಜೆಕ್ಟು?"

"ಜಿಯಾಗ್ರಫಿ, ಮೇಬಿ."

"ಹ್ಞೂಂ," ಎಂದಳು ತಂಗಿ. "ಆದ್ರೂ ಊಟದ ಮಧ್ಯೆ ಎದ್ದು ಹೋಗ್ತಾನಲ್ಲ."

ಅಧ್ಯಕ್ಷನಾದ ನಾನು ಸಭೆಯನ್ನು ಮುಂದೂಡಿದೆ.

ನವೆಂಬರ್‌ನಲ್ಲಿ ನಾನು ಮತ್ತು ಹೆಂಡತಿ ಕ್ಯಾಲಮ್‌ವೇಲ್‌ಗೆ ಹೋಗಿದ್ದೆವು. ಅಲ್ಲಿ ಒಂದು ಹೊಸ ಸಂಗತಿ ಬೆಳಕಿಗೆ ಬಂತು. ಶುಕ್ರವಾರ ತಂಗಿಯ ಮನೆಯಲ್ಲಿ ಅಕ್ಕಪಕ್ಕದ ಕನ್ನಡದ ಆಂಟಿಯರು ಭಜನೆಗೆ ಸೇರುತ್ತಾರೆ. ಭಜನೆ ಮುಗಿದು ಪ್ರಸಾದ ಹಂಚಿದ ನಂತರ ತಂಗಿ ಅವರಿಗೆ ಈ ಕಾಡ್ಗಿಚ್ಚಿನ ಕಾದಂಬರಿಯನ್ನು ವಾರವಾರವೂ ಕನ್ನಡದಲ್ಲಿ ಹೇಳುತ್ತಿದ್ದಳು! ಪುಸ್ತಕ ಮುಟ್ಟದ ಆ ವಾಚಕಿಯರಿಗೆ ಇದ್ದಷ್ಟು ಅಭಿಪ್ರಾಯಗಳು ಓದಿದ ನಮಗೆ ಇರಲಿಲ್ಲ. ದೇವರ ಮುಂದೆ ಹೇಳುವ ಕಥೆಯಾದ್ದರಿಂದ ನಾಯಕ ನಾಯಕಿ ಮುತ್ತಿಡುವ ಕಡೆಗಳಲ್ಲೆಲ್ಲ ತಂಗಿ "ಆಮೇಲೆ ಇಬ್ರೂ ಸ್ವಲ್ಪ ಹೊತ್ತು ಮಾತಾಡಿದ್ರು" ಎಂದು ದಾಟಿಸುತ್ತಿದ್ದಳು.

"ಎಷ್ಟು ಮಾತಾಡ್ತಾನ್ರೀ ಈ ಗಂಡಸು!" ಎಂದರು ದಪ್ಪ ಕನ್ನಡಕದ ಒಬ್ಬ ಆಂಟಿ. "ನಮ್ಮನೆಯವ್ರು ಜನ್ಮದಲ್ಲಿ ಇಷ್ಟು ಮಾತಾಡಿಲ್ಲ."

ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದ ನಾನು ಕೆಮ್ಮಿ ಸುಧಾರಿಸಿಕೊಂಡೆ.

ಅಂದು ಪೊಲೀಸರು ನಾಯಕನನ್ನು ವಿಚಾರಣೆಗೆ ಕರೆಯುವ ಭಾಗ. ಕನ್ನಡಕದ ಆಂಟಿ ಕೋಸಂಬರಿಯ ತಟ್ಟೆ ಕೆಳಗಿಟ್ಟು ತೀರ್ಪು ಕೊಟ್ಟರು: "ನೋಡಿ, ಬೆಂಕಿ ಹಚ್ಚಿರೋನು ಇವ್ನೇ. ಗ್ಯಾರಂಟಿ. ಇಲ್ದಿದ್ರೆ ಪ್ರತಿ ಸಲ ಎಲ್ಲರಿಗಿಂತ ಮುಂಚೆ ಹೇಗ್ರೀ ಬರ್ತಾನೆ?"

"ಊಟ ಬಿಟ್ಟು ಎದ್ದು ಬಂದ್ರೆ ಬೇಗ ಬರ್ತಾರೆ ಕಣ್ರೀ!" ಎಂದಳು ನನ್ನ ತಂಗಿ. ಅವಳ ದನಿ ಅಷ್ಟು ಏರಿದ್ದನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ. "ಹಸಿದ ಹೊಟ್ಟೇಲಿ, ಯಾರದ್ದೋ ಮನೆ ಉಳಿಸೋಕೆ ಓಡೋನ್ನ ಹಿಡ್ಕೊಂಡು ನೀನೇ ಹಚ್ಚಿದೆ ಅಂತೀರಲ್ಲ!"

"ಅಯ್ಯೋ, ಕಥೇಲಿ ತಾನೇ? ನಿಮ್ಮ ಅಳಿಯನ್ನ ಅಂದ ಹಾಗೆ ಆಡ್ತೀರಲ್ಲ," ಎಂದರು ಕನ್ನಡಕದ ಆಂಟಿ, ಪಾಪ, ಏನೂ ಅರಿಯದೆ.

ತಂಗಿ ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋದವಳು, ಹಾಲು ಉಕ್ಕಿ ಒಲೆಯ ಮೇಲೆ ಹರಿಯುವವರೆಗೂ ಸುಮ್ಮನೆ ನಿಂತಿದ್ದಳು. ಸಂಜೆ ಬಟ್ಟೆ ಮಡಿಸುತ್ತ ನನ್ನನ್ನು ಕೇಳಿದಳು: "ಅಣ್ಣ, ಜನವರೀಲಿ ಅಡಿಲೇಡ್ ತುಂಬ ಬಿಸಿಲಾ?"

"ತುಂಬಾ."

"ಹೋಗೋಣ. ಆ ಜಿಯಾಗ್ರಫಿ ಮೇಷ್ಟ್ರಿಗೆ ಒಂದು ಊಟ ಹಾಕೋಣ."

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಅಡಿಲೇಡ್‌ನ ಬೆಟ್ಟದ ತಪ್ಪಲಲ್ಲಿರುವ ಸೊಸೆಯ ಬಾಡಿಗೆ ಮನೆಯಲ್ಲಿ ನಾವೆಲ್ಲ ಸೇರಿದೆವು. ಸಭೆಯ ಇತಿಹಾಸದಲ್ಲಿ ಎಲ್ಲರ ಗಡಿಯಾರವೂ ಒಂದೇ ಗಂಟೆ ತೋರಿಸಿದ್ದು ಅಂದೇ ಮೊದಲು. ಉತ್ತರದ ಬಿಸಿಗಾಳಿ ಬೀಸುತ್ತಿತ್ತು. ಬಯಲಿನಲ್ಲಿ ಒಲೆ ಹಚ್ಚುವುದನ್ನೂ ಸರ್ಕಾರ ನಿಷೇಧಿಸಿದ್ದ ದಿನ ಅದು. ಹುಡುಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಗುಂಡಿಗಳೆಲ್ಲ ಸರಿಯಾಗಿದ್ದವು. ಬಿಸಿಲಿಗೆ ಕೆಂಪಾದ ಕಿವಿಗಳು, ಸೊಂಟದಲ್ಲಿ ಪೇಜರ್. ಸೊಸೆ ಅವನಿಗೆ 'ಸಾಕು' ಎಂಬ ಒಂದು ಶಬ್ದ ಕಲಿಸಿದ್ದಳು. ಅವನು ಅದನ್ನು ಹೇಳಿದಾಗಲೆಲ್ಲ ತಂಗಿ ಇನ್ನೊಂದು ಸೌಟು ಬಡಿಸಿದಳು. ನಾನು ಅವನೊಂದಿಗೆ ಸುಣ್ಣದಕಲ್ಲಿನ ಕುರಿತು ವಿಚಾರ ವಿನಿಮಯ ಮಾಡಿದೆ. ಅವನಿಗೂ ಆ ಕಾದಂಬರಿಯ ಬೆಟ್ಟದ ಮೇಲೆ ಅಸಮಾಧಾನವಿತ್ತು. ನನ್ನ ಮತ ಅವನಿಗೆ ಅಲ್ಲೇ ಬಿತ್ತು.

ಹುಳಿಯನ್ನ ನಡೆಯುತ್ತಿದ್ದಾಗ ಪೇಜರ್ ಕೂಗಿತು.

ಅವನು ಅದನ್ನು ನೋಡಿದ, ಮೇಜಿನ ಮೇಲೆ ಬೋರಲಾಗಿಟ್ಟ, ಮತ್ತೆ ಚಮಚ ಹಿಡಿದ. ಆದರೆ ತಿನ್ನಲಿಲ್ಲ. ಕುತ್ತಿಗೆಯವರೆಗೂ ಕೆಂಪಾದ. ಸೊಸೆ ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ನನ್ನ ತಂಗಿ ಆಗಷ್ಟೇ ಮಜ್ಜಿಗೆಯ ಪಾತ್ರೆ ಹಿಡಿದು ಬಂದವಳು, ಸೌಟು ಕೈಯಲ್ಲೇ ಇತ್ತು.

"ಏನಂತೆ?" ಎಂದಳು. ಸೊಸೆ ಪೇಜರ್ ತಿರುಗಿಸಿ ಓದಿದಳು.

"ಗ್ರಾಸ್ ಫೈರ್, ಅಮ್ಮ. ಬಿಹೈಂಡ್ ದ ಕ್ರಿಕೆಟ್ ಓವಲ್. ದೇರ್ ಆರ್ ಹೌಸಸ್."

"ಮತ್ತೆ ಇವ್ನು ಯಾಕೆ ಕೂತಿದಾನೆ?"

"ಯೂ ನೋ ವೈ, ಅಮ್ಮ."

ತಂಗಿ ಸೌಟನ್ನು ಪಾತ್ರೆಗೆ ಬಿಟ್ಟು ಅವನ ಹೆಗಲ ಮೇಲೆ ಕೈಯಿಟ್ಟಳು. "ಏಳಪ್ಪಾ. ಗೋ. ಗೋ, ಮಗು. ಐ ವಿಲ್ ಕೀಪ್." ಕೀಪ್ ಏನನ್ನು ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಕಾರು ಹೊರಟ ಸದ್ದು ಬಂತು.

ಅವಳು ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. ತಾನು ಬಡಿಸಿಕೊಳ್ಳಲಿಲ್ಲ. ಆದ್ದರಿಂದ ನಾವೂ ಮುಂದುವರಿಯುವಂತಿರಲಿಲ್ಲ, ಏಳುವಂತೆಯೂ ಇರಲಿಲ್ಲ. ಒಣಗುತ್ತಿರುವ ಕೈಗಳನ್ನು ಹಿಡಿದು ಮೇಜಿನ ಸುತ್ತ ಕೂತೆವು. ಅತ್ತ ಪಾಯಸ, ಇತ್ತ ನಾನು, ನಡುವೆ ಸಂಪ್ರದಾಯ. ಕಿಟಕಿಯಾಚೆ ಬೆಟ್ಟದ ಮಗ್ಗುಲಿನಿಂದ ಹೊಗೆ ಎದ್ದು, ಗಾಳಿಗೆ ಅಡ್ಡಲಾಗಿ ಮಲಗಿತು. ಎಷ್ಟೋ ಹೊತ್ತಿನ ಮೇಲೆ ತಂಗಿ ನನ್ನ ಹೆಂಡತಿಯ ಕಡೆ ತಿರುಗಿದಳು.

"ಅತ್ತಿಗೆ, ಆ ಪುಸ್ತಕದ ಕೊನೇಲಿ ಅವ್ನು ವಾಪಸ್ ಬರ್ತಾನೆ ಅಲ್ವಾ?"

ಅವಳು ಆ ಪುಸ್ತಕವನ್ನು ಪೂರ್ತಿ ಓದಿದ್ದಳು. ಒಂದು ಇಡೀ ಭಜನಾ ಮಂಡಳಿಗೆ ಕಥೆ ಹೇಳಿ ಮುಗಿಸಿದ್ದಳು. ಆದರೂ ಕೇಳಿದಳು.

"ಬರ್ತಾನೆ ಕಣೇ," ಎಂದಳು ನನ್ನ ಹೆಂಡತಿ, ತಂಗಿಯ ಕೈ ಹಿಡಿದು. "ನಾನು ಮೊದ್ಲೇ ಓದ್ಬಿಟ್ಟಿದೀನಿ." ಕೊನೆಯ ಪುಟದಿಂದ ಓದುವ ದುರಭ್ಯಾಸವನ್ನು ನಾನು ಅಂದಿನಿಂದ ಹೀಯಾಳಿಸಿಲ್ಲ.

ಬಿಸಿಲು ಇಳಿಯುವ ಮೊದಲು ಅವನು ಬಂದ. ಹೊಸ್ತಿಲಲ್ಲೇ ನಿಂತ. ಮುಖದ ಮೇಲೆ ಮಸಿ, ಮೈಯೆಲ್ಲ ಹೊಗೆಯ ವಾಸನೆ. ಮನೆಗಳು ಉಳಿದವಂತೆ, ಒಂದು ಬೇಲಿ ಹೋಯಿತಂತೆ. ಯಾರಾದರೂ ಹಚ್ಚಿದ್ದೋ, ತಾನೇ ಹತ್ತಿದ್ದೋ, ಇನ್ನೂ ಗೊತ್ತಿಲ್ಲವಂತೆ. ಅವನು ಏನೋ ಕ್ಷಮೆ ಕೇಳಲು ಹೊರಟ. "ಕೈ ತೊಳ್ಕೊ" ಎಂದಳು ತಂಗಿ. ಕನ್ನಡದ ಆ ಎರಡನೆಯ ಪಾಠ ಅವನಿಗೆ ತರ್ಜುಮೆಯಿಲ್ಲದೆ ಅರ್ಥವಾಯಿತು.

ಅವಳು ಅನ್ನ ಬಿಸಿ ಮಾಡಿ ಅವನಿಗೆ ಬಡಿಸಿದಳು, ತಾನೂ ಬಡಿಸಿಕೊಂಡು ಪಕ್ಕದಲ್ಲಿ ಕೂತಳು. ಎರಡು ತುತ್ತಿನ ನಂತರ ಅವನು ಅಳುಕುತ್ತ, ಆ ಕಾದಂಬರಿಯ ನಾಯಕ ನಿಮಗೆ ಹಿಡಿಸಲಿಲ್ಲವಂತಲ್ಲ ಎಂದು ಕೇಳಿದ. ಸೊಸೆ ಅನುವಾದಿಸಿದಳು, ಅಗತ್ಯವಿಲ್ಲದಿದ್ದರೂ.

ತಂಗಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು.

"ಅವನದ್ದೇನೂ ತಪ್ಪಿಲ್ಲ," ಎಂದಳು. "ಆ ಹುಡುಗಿದು ತಪ್ಪು. ಅಷ್ಟು ಪುಟ ಇದೆ, ಒಂದು ಸಲಾನಾದ್ರೂ ಅವನ ತಟ್ಟೆ ಮುಚ್ಚಿಟ್ಳಾ? ಇಟ್ಟಿದ್ರೆ ಪುಸ್ತಕ ಇನ್ನೂ ಚೆನ್ನಾಗಿರ್ತಿತ್ತು."

ಸೊಸೆ ಅದನ್ನು ಅನುವಾದಿಸಲು ಬಾಯಿ ತೆರೆದವಳು ಆಗದೆ ಅಡುಗೆಮನೆಗೆ ಎದ್ದು ಹೋದಳು. ಊಟದ ಮಧ್ಯೆಯೇ ಎದ್ದಳು, ಯಾರೂ ತಡೆಯಲಿಲ್ಲ. ತಂಗಿ ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಹುಡುಗನ ಅನ್ನಕ್ಕೆ ಮಜ್ಜಿಗೆ ಬಡಿಸತೊಡಗಿದಳು.

"ಸಾಕು," ಎಂದ ಅವನು. ಅವಳು ಇನ್ನೊಂದು ಸೌಟು ಹಾಕಿದಳು.